ಮೇಟ್‌ವಾನ್: ಗೋಡೆಯಲ್ಲಿ ಇನ್ನೂ ಗುಂಡಿನ ಗುರುತು

ಅಮೆರಿಕದ ವೆಸ್ಟ್ ವರ್ಜೀನಿಯಾಕ್ಕೆ ಹೋಗುವ ನಮ್ಮವರು ಜಾಸ್ತಿ ನ್ಯೂ ರಿವರ್ ಗಾರ್ಜ್ ಸೇತುವೆ ನೋಡಿಕೊಂಡು ವಾಪಸ್ ಬಂದುಬಿಡುತ್ತಾರೆ. ಕೈಯಲ್ಲಿ ಇನ್ನೊಂದು ದಿನ ಇದ್ದರೆ ಮೇಟ್‌ವಾನ್‌ಗೆ ಹೋಗಿ ಬನ್ನಿ. ರಾಜ್ಯದ ರಾಜಧಾನಿ ಚಾರ್ಲ್ಸ್‌ಟನ್‌ನಿಂದ ಸುಮಾರು ಎರಡು ಗಂಟೆ ದಾರಿ. ಕೊನೆಕೊನೆಗೆ ರಸ್ತೆ ಕಿರಿದಾಗಿ ಬೆಟ್ಟದ ಸಂದಿಯಲ್ಲಿ ಸುತ್ತುತ್ತದೆ, ಫೋನ್ ಸಿಗ್ನಲ್ ಹೋಗಿ ಬಂದು ಮಾಡುತ್ತದೆ, ಆದ್ದರಿಂದ ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೋಗಿ.

ಊರಲ್ಲಿ ಐನೂರು ಜನ ಕೂಡ ಇಲ್ಲ. ಒಂದು ಪಕ್ಕ ಟಗ್ ಫೋರ್ಕ್ ನದಿ, ಅದರಾಚೆ ಕೆಂಟಕಿ ರಾಜ್ಯ, ಇನ್ನೊಂದು ಪಕ್ಕ ರೈಲು ಹಳಿ ಮತ್ತು ಬೆಟ್ಟ. ಮಧ್ಯದ ಚೂರು ಜಾಗದಲ್ಲಿ ಇಟ್ಟಿಗೆ ಕಟ್ಟಡಗಳ ಒಂದು ಬೀದಿ. 1977ರ ಪ್ರವಾಹ ಈ ಊರನ್ನು ಮುಳುಗಿಸಿತ್ತು. ಆಮೇಲೆ ನದಿ ದಡದುದ್ದಕ್ಕೂ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟಿದ್ದಾರೆ.

ಹೆಚ್ಚಿನವರು ಬರುವುದು ಹ್ಯಾಟ್‌ಫೀಲ್ಡ್–ಮೆಕಾಯ್ ಮನೆತನಗಳ ಜಗಳದ ಹೆಸರು ಕೇಳಿ. 1882ರಲ್ಲಿ ನದಿಯಾಚೆ ಮೂವರು ಮೆಕಾಯ್ ಸಹೋದರರನ್ನು ಮರಕ್ಕೆ ಕಟ್ಟಿ ಗುಂಡಿಕ್ಕಿ ಕೊಂದಿದ್ದು ಈ ಊರಿನ ಹತ್ತಿರವೇ. ಅದೇ ಹೆಸರಿನ ಕಾಡುದಾರಿಗಳಲ್ಲಿ ಎಟಿವಿ (ಕಾಡುದಾರಿಯ ನಾಲ್ಕು ಚಕ್ರದ ಬೈಕ್) ಓಡಿಸುವವರು ಕೆಸರು ಮೆತ್ತಿಕೊಂಡು ಬೀದಿಗೇ ಬಂದು ಊಟಕ್ಕೆ ನಿಲ್ಲುತ್ತಾರೆ. ನನಗೆ ಮಾತ್ರ ಇಲ್ಲಿನ ನಿಜವಾದ ಕಥೆ ಕಲ್ಲಿದ್ದಲು ಗಣಿ ಕಾರ್ಮಿಕರದ್ದು.

ಹಳಿಗೆ ಮುಖ ಮಾಡಿದ ಹಳೇ ಪೋಸ್ಟ್ ಆಫೀಸ್ ಕಟ್ಟಡದ ಹತ್ತಿರ ಹೋಗಿ ನೋಡಿ. ಇಟ್ಟಿಗೆಯಲ್ಲಿ ಗುಂಡು ಬಡಿದ ಗುರುತುಗಳಿವೆ. ಬೆರಳಿಟ್ಟರೆ ಕುಳಿ ಕೈಗೆ ಸಿಗುತ್ತದೆ. 1920ರ ಮೇ 19ರಂದು ಗಣಿ ಕಂಪನಿಗಳು ಬಾಡಿಗೆಗೆ ಇಟ್ಟುಕೊಂಡಿದ್ದ ಬಾಲ್ಡ್ವಿನ್-ಫೆಲ್ಟ್ಸ್ ಎಂಬ ಖಾಸಗಿ ಸಂಸ್ಥೆಯ ಪತ್ತೇದಾರರು ಬಂದು, ಯೂನಿಯನ್ ಸೇರಿದವರ ಕುಟುಂಬಗಳನ್ನು ಕಂಪನಿ ಮನೆಗಳಿಂದ ಹೊರಹಾಕಿ, ಸಂಜೆ ರೈಲಿಗೆ ಹೊರಟಿದ್ದರು. ಊರಿನ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್ ಮತ್ತು ಮೇಯರ್ ಕೇಬಲ್ ಟೆಸ್ಟರ್‌ಮನ್ ಅವರನ್ನು ತಡೆದರು. ಗುಂಡು ಹಾರಿತು. ಏಳು ಪತ್ತೇದಾರರು, ಇಬ್ಬರು ಗಣಿ ಕಾರ್ಮಿಕರು, ಮೇಯರ್, ಒಟ್ಟು ಹತ್ತು ಜನ ಸತ್ತರು. ಪೊಲೀಸ್ ಅಧಿಕಾರಿಯೊಬ್ಬ ಕಂಪನಿ ಕಡೆ ಸೇರದೆ ಬಡವರ ಕಡೆ ನಿಂತ, ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಹಿನ್ನೆಲೆ ಅರ್ಥವಾಗಬೇಕಾದರೆ ಯೂನಿಯನ್ ಕಟ್ಟಡದಲ್ಲೇ ಇರುವ ಮೈನ್ ವಾರ್ಸ್ ಮ್ಯೂಸಿಯಂಗೆ ಹೋಗಲೇಬೇಕು. ವರ್ಷಪೂರ್ತಿ ದಿನಾ ತೆರೆದಿರುವುದಿಲ್ಲ, ವಿಚಾರಿಸಿಕೊಂಡು ಹೋಗಿ. ನಾನು ತುಂಬಾ ಹೊತ್ತು ನಿಂತಿದ್ದು ಸ್ಕ್ರಿಪ್ ಮುಂದೆ. ಕಂಪನಿ ಕೂಲಿಗೆ ಕೊಡುತ್ತಿದ್ದ ಅದರದ್ದೇ ಬಿಲ್ಲೆಗಳು ಇವು, ಕೆಲವಕ್ಕೆ ನಡುವೆ ತೂತು, ಮೇಲೆ ಕಂಪನಿ ಹೆಸರು. ಇದನ್ನು ಹಿಡಿದುಕೊಂಡು ಕಂಪನಿ ಅಂಗಡಿಯಲ್ಲೇ ಹಿಟ್ಟು, ಬೂಟು ಕೊಳ್ಳಬೇಕು. ಮನೆ ಕಂಪನಿಯದು, ಅಂಗಡಿ ಕಂಪನಿಯದು, ಕೈಯಲ್ಲಿರುವ ದುಡ್ಡೂ ಕಂಪನಿಯದೇ ಅಂದ ಮೇಲೆ ಕೆಲಸಗಾರ ಎಲ್ಲಿಗೆ ಹೋಗಬೇಕು ಹೇಳಿ? ಇಲ್ಲಿನ ಬೆಟ್ಟದ ಬಿಳಿಯರು, ದಕ್ಷಿಣದಿಂದ ಬಂದ ಕರಿಯರು, ಇಟಲಿಯಿಂದ ಬಂದವರು ಒಂದೇ ಯೂನಿಯನ್‌ಗೆ ಸೇರಿದ್ದರು ಅನ್ನುವುದನ್ನು ಓದಿದಾಗ ಮನಸ್ಸು ತುಂಬಿ ಬಂತು.

ಸಮಯ ಇದ್ದರೆ ಇದೇ ಕಥೆಯನ್ನು ಹಿಡಿದು ವೆಲ್ಚ್ ಎಂಬ ಊರಿಗೂ ಹೋಗಿ. ಅಲ್ಲಿನ ಕೋರ್ಟ್ ಮೆಟ್ಟಿಲ ಮೇಲೆ 1921ರ ಆಗಸ್ಟ್ 1ರಂದು ಬಾಲ್ಡ್ವಿನ್-ಫೆಲ್ಟ್ಸ್ ಕಡೆಯವರು ಸಿಡ್‌ನನ್ನೂ ಅವನ ಗೆಳೆಯ ಎಡ್ ಚೇಂಬರ್ಸ್‌ನನ್ನೂ ಹೆಂಡಂದಿರ ಕಣ್ಣೆದುರೇ ಕೊಂದರು. ಆ ಸಿಟ್ಟಿಗೆ ಸುಮಾರು 10,000 ಕಾರ್ಮಿಕರು ಕೊರಳಿಗೆ ಕೆಂಪು ಕರ್ಚೀಫ್ ಕಟ್ಟಿಕೊಂಡು, ಬಂದೂಕು ಹಿಡಿದು, ಬ್ಲೇರ್ ಬೆಟ್ಟದ ಕಡೆ ಹೊರಟರು. ಕಂಪನಿಗಳ ಪರ ಇದ್ದ ಎದುರು ಪಕ್ಷ ಬಾಡಿಗೆ ವಿಮಾನಗಳಿಂದ ಬಾಂಬ್ ಹಾಕಿಸಿತು. ಕೊನೆಗೆ ಕೇಂದ್ರದ ಸೈನ್ಯ ಬಂದಾಗ ಕಾರ್ಮಿಕರು ಅದರ ಮೇಲೆ ಬಂದೂಕು ಎತ್ತಲಿಲ್ಲ, ಮನೆಗೆ ಮರಳಿದರು. ಅವರಲ್ಲಿ ಎಷ್ಟೋ ಮಂದಿ ಮೊದಲ ಮಹಾಯುದ್ಧದಲ್ಲಿ ಅದೇ ಸೈನ್ಯದಲ್ಲಿ ಹೋರಾಡಿ ಬಂದವರು.