ಪಿ.ಟಿ. ಸರ್ ಮತ್ತು ಆನಾ ಮಿಯರ್ಸ್

ಪಿ.ಟಿ. ಸರ್ ತೀರಿಕೊಂಡ ಸುದ್ದಿ ಹೋದ ತಿಂಗಳು ನಮ್ಮ ಬ್ಯಾಚಿನ ವಾಟ್ಸಾಪ್‌ನಲ್ಲಿ ಬಂತು. ಒಂಬತ್ತನೇ ಕ್ಲಾಸಿನ ಪಾಠಗಳೆಲ್ಲ ಮರೆತುಹೋಗಿವೆ. ಆನಾ ಮಿಯರ್ಸ್ ಮಾತ್ರ ಮರೆತಿಲ್ಲ.

ನಮ್ಮದು ವಿಜಯಪುರದ ಕಡೆ. ಸೈಕಲ್ ರೇಸಿನ ಹುಚ್ಚು ಜಾಸ್ತಿ, ಸರ್‌ಗಂತೂ ಕೇಳಲೇಬೇಡಿ. 2012ರ ಲಂಡನ್ ಒಲಿಂಪಿಕ್ಸ್ ಸಮಯ. ರಾತ್ರಿ ಟಿವಿಯಲ್ಲಿ ನೋಡಿದ ರೇಸನ್ನು ಬೆಳಿಗ್ಗೆ ಬೇವಿನ ಗಿಡದ ಕೆಳಗೆ ನಮಗೆ ಹೇಳುತ್ತಿದ್ದರು.

ಆನಾ ಆಸ್ಟ್ರೇಲಿಯಾದ ಹುಡುಗಿ, ಸೈಕಲ್ ರೇಸಿನವಳು. 2004ರಲ್ಲಿ ಅಥೆನ್ಸ್‌ನಲ್ಲಿ 500 ಮೀಟರ್ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ರೇಸ್) ಚಿನ್ನ, ಅದೂ ವಿಶ್ವದಾಖಲೆಯೊಂದಿಗೆ. 2008ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬಿದ್ದು ಕತ್ತಿನ ಮೂಳೆ ಮುರಿಯಿತು. ಏಳೇ ತಿಂಗಳಿಗೆ ಬೀಜಿಂಗ್‌ನಲ್ಲಿ ಸ್ಪ್ರಿಂಟ್ ಬೆಳ್ಳಿ ಗೆದ್ದಳು! ಸ್ಪ್ರಿಂಟ್ ಫೈನಲ್ ಅಂದರೆ ಇಬ್ಬರೇ ಎದುರಾಳಿಗಳು, ಮೂರರಲ್ಲಿ ಎರಡು ಓಟ ಗೆದ್ದವರಿಗೆ ಚಿನ್ನ. ಅಲ್ಲಿ ಅವಳನ್ನು ಸೋಲಿಸಿದ ಬ್ರಿಟನ್ನಿನ ವಿಕ್ಟೋರಿಯಾ ಪೆಂಡಲ್‌ಟನ್ ಲಂಡನ್ ಫೈನಲ್‌ನಲ್ಲಿ ಮತ್ತೆ ಎದುರಾದಳು. ಜನವೆಲ್ಲ ಪೆಂಡಲ್‌ಟನ್ ಕಡೆ. ಮೊದಲ ಓಟದಲ್ಲಿ ಪೆಂಡಲ್‌ಟನ್ ಕೂದಲೆಳೆಯಷ್ಟು ಮುಂದಿದ್ದಳು, ಆದರೆ ತನ್ನ ಲೇನ್ ಬಿಟ್ಟಿದ್ದಕ್ಕೆ ಓಟ ಆನಾ ಪಾಲಾಯಿತು. ಎರಡನೇ ಓಟದಲ್ಲಿ ಆನಾ ಸೈಕಲ್ಲನ್ನು ಹೆಚ್ಚುಕಡಿಮೆ ನಿಲ್ಲಿಸಿಯೇಬಿಟ್ಟಳು. ಮುಂದಿರುವವರು ಗಾಳಿ ಸೀಳಬೇಕು, ಹಿಂದಿರುವವರಿಗೆ ಶಕ್ತಿ ಉಳಿಯುತ್ತದೆ. ಆ ಸೈಕಲ್ಲಿಗೆ ಬ್ರೇಕೇ ಇಲ್ಲ, ಕಾಲಿನ ಬಲದಲ್ಲೇ ಹಿಡಿಯಬೇಕು. ಪೆಂಡಲ್‌ಟನ್ ಬೇರೆ ದಾರಿಯಿಲ್ಲದೆ ಮುಂದೆ ಹೋದಳು. ಕೊನೆಯಲ್ಲಿ ಆನಾ ಅವಳನ್ನು ಹಿಂದೆ ಹಾಕಿದಳು.

ಅವತ್ತೇ ಹಿಂದಿ ಪೀರಿಯಡ್ ತಪ್ಪಿಸಿ, ನಾವು ಹುಡುಗಿಯರು ಸರ್ಕಾರ ಕೊಟ್ಟ ಸೈಕಲ್ ತಗೊಂಡು ಬಿಸಿಯೂಟದ ಕೋಣೆ ಹಿಂದೆ ಹೋದೆವು. ಯಾರು ಜಾಸ್ತಿ ಹೊತ್ತು ನಿಲ್ತಾರೆ ಅನ್ನೋದೇ ಪಂದ್ಯ. ಹ್ಯಾಂಡಲ್ ಓರೆ ಮಾಡಿ, ಪೆಡಲ್ ಮೇಲೆ ಎದ್ದು ನಿಂತು, ಉಸಿರು ಬಿಗಿಹಿಡಿದು. ಒಬ್ಬಳು ತೊಳೆದಿಟ್ಟ ತಟ್ಟೆಗಳ ಮೇಲೆ ಬಿದ್ದಳು. ಆ ಸದ್ದಿಗೆ ಇಡೀ ಶಾಲೆ ಹೊರಗೆ ಬಂತು. ಹೆಡ್ ಮಾಸ್ತರು ಬೆತ್ತ ಎತ್ತಿದ್ದರು. ಅಷ್ಟರಲ್ಲಿ ಸರ್ ಓಡಿಬಂದು, "ತಡೀರಿ ಸರ್. ಯಾರವಾ ಜಾಸ್ತಿ ಹೊತ್ತು ನಿಂತಾಕಿ?" ಅಂದರು. ನಾನೇ! ಮರುದಿನ ಪ್ರಾರ್ಥನೆಯಲ್ಲಿ ನನಗೆ ಚಪ್ಪಾಳೆ ಹೊಡೆಸಿದರು. ಮುಂದೆ ತಾಲೂಕಿನ ಸೈಕಲ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದೆ. ಸೈಕಲ್ ಏರಿದರೆ ನನ್ನನ್ನು ಹಿಂದೆ ಹಾಕುವವರು ಆಗ ಕಡಿಮೆ.

2016ರಲ್ಲಿ ರಿಯೋದಲ್ಲಿ ಆನಾ ತನ್ನ ದೇಶದ ಬಾವುಟ ಹಿಡಿದು ನಡೆದಳು, ಕೀರಿನ್‌ನಲ್ಲಿ (ಮೋಟಾರು ಬೈಕಿನ ಹಿಂದೆ ಶುರುವಾಗುವ ಸೈಕಲ್ ರೇಸ್) ಕಂಚು ಗೆದ್ದಳು. ಸರ್ ಫೋನ್ ಮಾಡಿ, "ನಾಕು ಒಲಿಂಪಿಕ್ಸ್, ಆರು ಪದಕ! ನೋಡಿದೇನವಾ?" ಅಂದಿದ್ದರು. ಅದೇ ವರ್ಷ ಅವಳು ನಿವೃತ್ತಳಾದಳು.

ಈಗ ಎಷ್ಟೋ ಕಡೆ ಪಿ.ಟಿ. ಪೀರಿಯಡ್ ಅಂದರೆ ಗಣಿತದ ಸ್ಪೆಷಲ್ ಕ್ಲಾಸ್. ಮಕ್ಕಳು ಮೈದಾನಕ್ಕೆ ಇಳಿಯೋದು ಯಾವಾಗ, ಹೇಳಿ? ನಮ್ಮ ಶಾಲೆಯವರಲ್ಲಿ ಒಂದು ವಿನಂತಿ. ಸರ್ ಹೆಸರಲ್ಲಿ ಪ್ರತಿ ವರ್ಷ ಹುಡುಗಿಯರಿಗೆ ಸೈಕಲ್ ಸ್ಪರ್ಧೆ ಇಡಿ, ನಿಧಾನ ಸೈಕಲ್ ಸ್ಪರ್ಧೆಯೂ ಇರಲಿ. ಬಹುಮಾನದ ಖರ್ಚು ನನ್ನದು.