ಮಿಮಾಸ್‌ನಲ್ಲಿ ನಿಂತು ಶನಿಯನ್ನು ಬರೆಯುವುದು

18 ಜನವರಿ 2026, ಭಾನುವಾರ

ಶನಿಯ ಚಂದ್ರರಲ್ಲೊಂದಾದ ಮಿಮಾಸ್‌ನ ನೆಲದಿಂದ ಶನಿ ಹೇಗೆ ಕಾಣುತ್ತದೆಂದು ಚಿತ್ರ ಬರೆಯಬೇಕು. ಇವತ್ತು ಬರೀ ಲೆಕ್ಕ, ಬಣ್ಣ ನಾಳೆಗೆ.

ಶನಿಯ ಕೇಂದ್ರದಿಂದ ಮಿಮಾಸ್‌ಗೆ ಸುಮಾರು 1,85,500 ಕಿ.ಮೀ. ಶನಿಯ ಸಮಭಾಜಕ ತ್ರಿಜ್ಯ 60,268 ಕಿ.ಮೀ. ತ್ರಿಜ್ಯವನ್ನು ದೂರದಿಂದ ಭಾಗಿಸಿ, ವಿಲೋಮ ಸೈನ್ ತೆಗೆದು, ಎರಡರಿಂದ ಗುಣಿಸಿದರೆ ಆಕಾಶದಲ್ಲಿ ಶನಿಯ ಅಗಲ 38 ಡಿಗ್ರಿ. ನಮ್ಮ ಹುಣ್ಣಿಮೆ ಚಂದ್ರ ಅರ್ಧ ಡಿಗ್ರಿ. ಇಲ್ಲಿ ಸೈನ್ ಬದಲು ಟ್ಯಾನ್ ಹಾಕಿದರೆ 36 ಬಂದು ಚಿತ್ರ ಕುಗ್ಗುತ್ತದೆ; ಗೋಳ ಇಷ್ಟು ಹತ್ತಿರವಿದ್ದಾಗ ನಮಗೆ ಕಾಣುವ ಅಂಚು ಕೇಂದ್ರಕ್ಕಿಂತ ಈಚೆಗೇ ಇರುತ್ತದೆ. ಶನಿ ಚಪ್ಪಟೆಯಾದ್ದರಿಂದ ಧ್ರುವದಿಂದ ಧ್ರುವಕ್ಕೆ 34 ಡಿಗ್ರಿ ಮಾತ್ರ. ಮುಖ್ಯ ಉಂಗುರಗಳಲ್ಲಿ ಎಲ್ಲಕ್ಕಿಂತ ಹೊರಗಿನದಾದ ಎ ಉಂಗುರದ ತುದಿಯಿಂದ ತುದಿಗೆ 95 ಡಿಗ್ರಿ. ಫುಲ್ ಫ್ರೇಮ್ ಕ್ಯಾಮೆರಾದ 50 ಮಿ.ಮೀ. ಲೆನ್ಸ್‌ಗೆ ಶನಿಯ ಬಿಂಬವೇ ಅಗಲಕ್ಕೆ ತುಂಬುತ್ತದೆ. ಉಂಗುರವೂ ಬೇಕೆಂದರೆ 16 ಮಿ.ಮೀ.ಗೆ ಇಳಿಯಬೇಕು.

ಹೆಚ್ಚಿನ ಚಿತ್ರಗಳು ಎಡವುವುದು ಗಾತ್ರದಲ್ಲಲ್ಲ, ಉಂಗುರದ ವಾಲಿಕೆಯಲ್ಲಿ. ಮಿಮಾಸ್ ಸುತ್ತುವುದು ಹೆಚ್ಚುಕಡಿಮೆ ಉಂಗುರದ ಸಮತಲದಲ್ಲೇ, ವಾಲಿಕೆ 1.6 ಡಿಗ್ರಿ. ಅಂದರೆ ಅದು ಆ ಸಮತಲದಿಂದ ಮೇಲೆ ಕೆಳಗೆ ಸರಿಯುವುದು 5,000 ಕಿ.ಮೀ. ಅಷ್ಟೇ. ಉಂಗುರದ ಸಮೀಪದ ಅಂಚು 49,000 ಕಿ.ಮೀ. ದೂರದಲ್ಲಿರುವುದರಿಂದ ಆಗಲೂ ಮುಂದಿನ ಅರ್ಧ ನಾಲ್ಕೂವರೆ ಡಿಗ್ರಿಯಷ್ಟು ತೆರೆದುಕೊಳ್ಳುತ್ತದೆ, ಹಿಂದಿನ ಅರ್ಧಕ್ಕೆ ಮುಕ್ಕಾಲು ಡಿಗ್ರಿಯೂ ಸಿಗುವುದಿಲ್ಲ. ಎರಡೂ ಅರ್ಧಗಳನ್ನು ಸಮನಾಗಿ ಬರೆದರೆ ಅದು ದೂರದರ್ಶಕದಲ್ಲಿ ಕಂಡ ಶನಿಯಾಯಿತು. ಮಿಮಾಸ್ ಶನಿಯನ್ನು ಒಂದು ಸುತ್ತು ಹಾಕಲು ಹಿಡಿಯುವುದು 22 ಗಂಟೆ 37 ನಿಮಿಷ. ಅದರಲ್ಲಿ ಎರಡು ಸಲ, ಆ ಸಮತಲವನ್ನು ದಾಟುವಾಗ, ಉಂಗುರ ಬರೀ ಗೆರೆ. ಶನಿಯ ಇನ್ನೊಂದು ಚಂದ್ರ ಎನ್ಸೆಲಾಡಸ್‌ನಿಂದಾದರೆ ಯಾವಾಗಲೂ ಗೆರೆಯೇ.

ಬೆಳಕಿನ ವಿಷಯಕ್ಕೆ ಬಂದರೆ, 2025ರ ಮೇ ತಿಂಗಳಲ್ಲಿ ಶನಿಯ ವಿಷುವ (ಸೂರ್ಯ ಉಂಗುರದ ಸಮತಲವನ್ನು ದಾಟುವ ಹೊತ್ತು) ಕಳೆದ ನಂತರ ಉಂಗುರದ ದಕ್ಷಿಣ ಮುಖಕ್ಕೆ ಬಿಸಿಲು. ಮಿಮಾಸ್ ಉತ್ತರಕ್ಕೆ ಸರಿದ ಹೊತ್ತಿನಲ್ಲಿ ಕಾಣುವುದು ನೆರಳಿನ ಮುಖ: ದಟ್ಟವಾದ ಬಿ ಉಂಗುರ ಕಪ್ಪು, ಅದರ ಒಳಗಿನ ತೆಳುವಾದ ಸಿ ಉಂಗುರ ಮತ್ತು ಎ, ಬಿ ಉಂಗುರಗಳ ನಡುವಿನ ಕ್ಯಾಸಿನಿ ಸೀಳು ಬೆಳಗುತ್ತವೆ. ಫೋಟೊ ನೆಗೆಟಿವ್ ನೋಡಿದ ಹಾಗೆ. ಬಿಸಿಲು ಭೂಮಿಯದರ ತೊಂಬತ್ತನೇ ಒಂದು ಪಾಲು, ಆದ್ದರಿಂದ ಎಕ್ಸ್‌ಪೋಷರ್ ಆರೂವರೆ ಸ್ಟಾಪ್ ಹೆಚ್ಚಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು).

ಇನ್ನು ನಿಲ್ಲುವ ಜಾಗ. ಮಿಮಾಸ್ ಸದಾ ಒಂದೇ ಮುಖವನ್ನು ಶನಿಯತ್ತ ತಿರುಗಿಸಿರುತ್ತದೆ, ಹಾಗಾಗಿ ಆಕಾಶದಲ್ಲಿ ಶನಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಕಕ್ಷೆ ಕೊಂಚ ದೀರ್ಘವೃತ್ತವಾದ್ದರಿಂದ ಅತ್ತಿತ್ತ ಎರಡು ಡಿಗ್ರಿ ತೂಗುತ್ತದೆ, ಅಷ್ಟೇ. ಸಮಭಾಜಕದ ಮೇಲೆ ನಿಂತರೆ ಉಂಗುರ ದಿಗಂತಕ್ಕೆ ಲಂಬ. ಎಲ್ಲರಿಗೂ ಬೇಕಾದ ಅಡ್ಡ ಉಂಗುರ ಸಿಗುವುದು ಧ್ರುವದ ಕಡೆ, ಶನಿಗೆ ಎದುರಾದ ರೇಖಾಂಶದಲ್ಲಿ 70 ಡಿಗ್ರಿ ಅಕ್ಷಾಂಶದ ಹತ್ತಿರ. ಶನಿಯ ಕೆಳಗಂಚಿಗೂ ನೆಲಕ್ಕೂ ಅಲ್ಲಿ ಮೂರು ಡಿಗ್ರಿ ಬಿಡುವು. ದಿಗಂತವನ್ನು ಹತ್ತಿರಕ್ಕೆ ತನ್ನಿ: 198 ಕಿ.ಮೀ. ತ್ರಿಜ್ಯದ ಗೋಳದಲ್ಲಿ ನಿಂತವರ ಕಣ್ಣಿಗೆ ಸಮನೆಲ 800 ಮೀಟರ್‌ಗೇ ಮುಗಿಯುತ್ತದೆ.

ಮಿಮಾಸ್ ಮೇಲಿನ 130 ಕಿ.ಮೀ. ಅಗಲದ ಹರ್ಷೆಲ್ ಕುಳಿಯ ನಡುವಿನಿಂದ ಶನಿಯನ್ನು ಬರೆಯುವ ಆಸೆಯಿದ್ದರೆ ಬಿಡಬೇಕು. ಆ ಜಾಗ ಶನಿಗೆ ಎದುರಾದ ಬಿಂದುವಿನಿಂದ 112 ಡಿಗ್ರಿ ಪಶ್ಚಿಮಕ್ಕಿದೆ, ಶನಿ ಪೂರ್ತಿ ದಿಗಂತದ ಕೆಳಗೆ. ಆದರೆ ಉಂಗುರದ ಒಂದು ತುದಿ ಮಾತ್ರ ನೆಲದಿಂದ 25 ಡಿಗ್ರಿ ಎತ್ತರಕ್ಕೆ, ನೆಟ್ಟ ಕತ್ತಿಯ ಅಲಗಿನ ಹಾಗೆ, ಒಂಟಿಯಾಗಿ ನಿಂತಿರುತ್ತದೆ. ನಾಳೆ ಬಣ್ಣ ಹಚ್ಚುವುದು ಅದಕ್ಕೇ.