ಸಫರ್ನ್ ಊರಿನ ದೂರದರ್ಶಕ ಮೇಳಕ್ಕೆ ಹೊರಡುವ ಮುನ್ನ

ನ್ಯೂಯಾರ್ಕ್ ನಗರದಿಂದ ವಾಯವ್ಯಕ್ಕೆ ಸುಮಾರು ಮೂವತ್ತು ಮೈಲಿ ದೂರದಲ್ಲಿ, ನ್ಯೂಜೆರ್ಸಿಯ ಗಡಿಗೆ ಅಂಟಿಕೊಂಡಂತೆ ಸಫರ್ನ್ ಎಂಬ ಊರಿದೆ. ಅಲ್ಲಿನ ರಾಕ್‌ಲ್ಯಾಂಡ್ ಕಮ್ಯುನಿಟಿ ಕಾಲೇಜಿನ ಒಳಾಂಗಣ ಕ್ರೀಡಾಂಗಣ ಏಪ್ರಿಲ್ ತಿಂಗಳ ಒಂದು ಶನಿವಾರ ಮತ್ತು ಭಾನುವಾರ ದೂರದರ್ಶಕಗಳ ಸಂತೆಯಾಗಿ ಮಾರ್ಪಡುತ್ತದೆ. ರಾಕ್‌ಲ್ಯಾಂಡ್ ಆಸ್ಟ್ರಾನಮಿ ಕ್ಲಬ್ ಎಂಬ ಹವ್ಯಾಸಿಗಳ ಸಂಘವು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆಸಿಕೊಂಡು ಬಂದಿರುವ ಈ ಮೇಳದ ಪೂರ್ಣ ಹೆಸರು ನಾರ್ತ್‌ಈಸ್ಟ್ ಆಸ್ಟ್ರಾನಮಿ ಫೋರಮ್. ಹೋಗಿ ಬರುವವರ ಬಾಯಲ್ಲಿ ಅದು ಬರೀ 'ನೀಫ್'. ನೂರಕ್ಕೂ ಹೆಚ್ಚು ಮಳಿಗೆಗಳು, ಎರಡು ದಿನವೂ ಉಪನ್ಯಾಸಗಳು, ಹೊರಗಿನ ಬಯಲಿನಲ್ಲಿ ಸೂರ್ಯನತ್ತ ಮುಖಮಾಡಿ ನಿಂತ ದೂರದರ್ಶಕಗಳ ಸಾಲು, ಇವೆಲ್ಲ ಅಲ್ಲಿ ಒಟ್ಟಿಗೆ ಸಿಗುತ್ತವೆ. ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯ ದಾರಿಯಾದ್ದರಿಂದ ಹಲವು ಬಾರಿ ಹೋಗಿ ಬಂದಿದ್ದೇನೆ. ಆದರೆ ಬರುವ ಏಪ್ರಿಲ್‌ನಲ್ಲಿ, ಮೊದಲ ಬಾರಿಗೆ, ಕೊಳ್ಳಲೇಬೇಕೆಂಬ ನಿರ್ಧಾರದಿಂದ ಹೊರಟಿದ್ದೇನೆ.

ಕೊಳ್ಳಬೇಕಾಗಿರುವುದು ನನಗಾಗಿ ಅಲ್ಲ. ತಿಪಟೂರಿನಲ್ಲಿರುವ ಅಪ್ಪನಿಗೆ, ಮತ್ತು ಅವರು ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದ ಪ್ರೌಢಶಾಲೆಯ ಮಕ್ಕಳಿಗೆ. ಡಿಸೆಂಬರ್ ರಜೆಯಲ್ಲಿ ಊರಿಗೆ ಹೋಗುವಾಗ ಒಂದು ದೂರದರ್ಶಕವನ್ನು ಜೊತೆಗೆ ಒಯ್ಯಬೇಕೆಂಬ ಆಸೆ ಬಹಳ ದಿನಗಳದು.

ಹಾಗೆ ಒಯ್ಯುವುದು ಇದು ಎರಡನೆಯ ಸಲ. ಮೊದಲ ಸಲ, 2003ರಲ್ಲಿ, ಈ ದೇಶಕ್ಕೆ ಬಂದ ಹೊಸತರಲ್ಲಿ ಒಂದು ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರಗಳನ್ನು ನೋಡಿ ಮರುಳಾಗಿ ಕೊಂಡುಕೊಂಡಿದ್ದೆ. ಅರವತ್ತು ಮಿಲಿಮೀಟರ್ ಮಸೂರದ ಆ ದೂರದರ್ಶಕ '525 ಪಟ್ಟು ದೊಡ್ಡದಾಗಿ ತೋರಿಸುತ್ತದೆ' ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಮಸೂರದ ಅಥವಾ ದರ್ಪಣದ ವ್ಯಾಸವು ಎಷ್ಟು ಮಿಲಿಮೀಟರ್ ಇರುವುದೋ ಅದರ ಎರಡರಷ್ಟು ಪಟ್ಟಿಗಿಂತ ಹೆಚ್ಚಿನ ವರ್ಧನೆಯಿಂದ ಬಿಂಬವು ಹಿಗ್ಗುತ್ತದೆಯೇ ಹೊರತು ಹೊಸ ವಿವರವೇನೂ ಕಾಣುವುದಿಲ್ಲ ಎಂಬ ಸಾಮಾನ್ಯ ಲೆಕ್ಕ ಆಗ ನನಗೆ ತಿಳಿದಿರಲಿಲ್ಲ. ಆ ಮಸೂರಕ್ಕೆ 120 ಪಟ್ಟೇ ಹೆಚ್ಚಿನ ಮಾತು. ಊರಿನ ತಾರಸಿಯ ಮೇಲೆ ಅದನ್ನು ನಿಲ್ಲಿಸಿ ಚಂದ್ರನತ್ತ ತಿರುಗಿಸಿದರೆ, ತೆಳುವಾದ ತಗಡಿನ ಮೂರು ಕಾಲುಗಳು ಗಾಳಿ ಬೀಸಿದಾಗಲೆಲ್ಲ ನಡುಗಿ, ಚಂದ್ರನು ಕನ್ನಡಿಯಲ್ಲಿ ಅಲುಗಾಡುವ ದೀಪದಂತೆ ಅತ್ತಿತ್ತ ಓಡಾಡುತ್ತಿದ್ದ. ಅದರ ಜೊತೆಗೆ ಬಂದಿದ್ದ ಸಾಮಾನುಗಳಲ್ಲಿ, ಕಣ್ಣಿಡುವ ತುದಿಯ ಮಸೂರವಾದ ಐಪೀಸಿಗೆ ತಿರುಪಿ ಕೂರಿಸಿ ಸೂರ್ಯನನ್ನು ನೋಡಲೆಂದು ಕೊಟ್ಟಿದ್ದ, ಬೆರಳುಗುರಿನಷ್ಟಗಲದ ಕಪ್ಪು ಗಾಜೊಂದಿತ್ತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, "ಮಸೂರ ಒಟ್ಟುಗೂಡಿಸಿದ ಶಾಖವೆಲ್ಲ ಬೀಳುವುದು ಇಲ್ಲೇ. ಈ ಗಾಜು ಸೀಳಿದರೆ ಕಣ್ಣಿಗೆ ಯಾರು ಹೊಣೆ ಕಣೋ?" ಎಂದು ಕೇಳಿ, ಯಾರ ಕೈಗೂ ಸಿಗದಂತೆ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅವರು ಹೇಳಿದ್ದು ಅಕ್ಷರಶಃ ಸರಿ. ಸೂರ್ಯನಿಗೆ ಸೋಸುಕವನ್ನು (ಫಿಲ್ಟರನ್ನು) ಕಟ್ಟಬೇಕಾದದ್ದು ಬೆಳಕು ಒಳಬರುವ ಮುಂದಿನ ಬಾಯಿಗೆ, ಕಣ್ಣಿಡುವ ತುದಿಗಲ್ಲ.

ಆದ್ದರಿಂದ ಈ ಬಾರಿ ಕಣ್ಣಿಟ್ಟು ನೋಡದೆ ಯಾವುದನ್ನೂ ಕೊಳ್ಳಬಾರದೆಂದು ನಿಶ್ಚಯಿಸಿದ್ದೇನೆ, ಮತ್ತು ಮೇಳದ ನಿಜವಾದ ಉಪಯೋಗ ಇರುವುದೂ ಅದರಲ್ಲಿಯೇ. ಕ್ರೀಡಾಂಗಣದ ಒಂದು ತುದಿಯ ಮಳಿಗೆಯಲ್ಲಿ ನಿಂತು, ಇನ್ನೊಂದು ತುದಿಯ ಗೋಡೆಯ ಮೇಲಿನ ಫಲಕದ ಅಕ್ಷರಗಳಿಗೆ ದೂರದರ್ಶಕವನ್ನು ಗುರಿಯಿಟ್ಟು, ಒಂದಾದ ಮೇಲೊಂದರಂತೆ ಐಪೀಸುಗಳನ್ನು ಬದಲಿಸಿ ನೋಡಬಹುದು. ನೋಟದ ಅಂಚಿನಲ್ಲಿ ಅಕ್ಷರಗಳು ಬಾಗುತ್ತವೆಯೇ, ಕಪ್ಪು ಗೆರೆಯ ಬದಿಗೆ ನೇರಳೆ ಬಣ್ಣ ಸೋರುತ್ತದೆಯೇ, ಫೋಕಸ್ ತಿರುಪನ್ನು ಮುಟ್ಟಿದಾಗ ಬಿಂಬ ಎಷ್ಟು ಹೊತ್ತು ನಡುಗುತ್ತದೆ ಎಂಬುದೆಲ್ಲ ಒಂದೆರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಇದನ್ನು ಯಾವ ಚಿತ್ರವೂ, ಯಾವ ವಿಡಿಯೋವೂ ತಿಳಿಸಲಾರದು. 2020ರಲ್ಲಿ ಸಾಂಕ್ರಾಮಿಕದ ಕಾರಣ ಮೇಳವು ಆನ್‌ಲೈನ್‌ನಲ್ಲಿ ನಡೆದಾಗ ಉಪನ್ಯಾಸಗಳನ್ನು ಕೇಳಿ ಸಂತೋಷಪಟ್ಟೆನಾದರೂ, ಕೊರತೆಯೆನಿಸಿದ್ದು ಈ ಮುಟ್ಟಿ ನೋಡುವ ಭಾಗವೇ.

ಮಳಿಗೆಗಳ ಹಿಂದೆ ನಿಂತಿರುವವರು ಎಷ್ಟೋ ಸಲ ಆ ವಸ್ತುವನ್ನು ತಯಾರಿಸಿದವರೇ ಆಗಿರುತ್ತಾರೆ ಎಂಬುದು ಇನ್ನೊಂದು ಭಾಗ್ಯ. ಸಫರ್ನ್‌ಗೆ ಹತ್ತಿರದ ಚೆಸ್ಟರ್ ಎಂಬ ಊರಿನಲ್ಲಿ ಟೆಲಿವ್ಯೂ ಎಂಬ ಸಂಸ್ಥೆಯಿದೆ. ಅದನ್ನು 1977ರಲ್ಲಿ ಸ್ಥಾಪಿಸಿದ ಆಲ್ ನಾಗ್ಲರ್ ಅವರು ಅದಕ್ಕೂ ಮೊದಲು, ಅಪೊಲೊ ಗಗನಯಾತ್ರಿಗಳು ಚಂದ್ರನ ಮೇಲಿಳಿಯುವ ತರಬೇತಿಗೆ ಬಳಸಿದ ಸಿಮ್ಯುಲೇಟರಿನ ದೃಗ್ವ್ಯವಸ್ಥೆಯನ್ನು ರೂಪಿಸುವ ಕೆಲಸದಲ್ಲಿದ್ದವರು. ನೌಕೆಯ ಕಿಟಕಿಯಾಚೆ ವಿಶಾಲವಾಗಿ ಹರಡಿದ ನೋಟವನ್ನು ಗಗನಯಾತ್ರಿಗಳಿಗಾಗಿ ಕಟ್ಟಿಕೊಟ್ಟ ಅನುಭವವೇ ಮುಂದೆ, 82 ಡಿಗ್ರಿ ಅಗಲದ ನೋಟವನ್ನು ಕೊಡುವ ಐಪೀಸ್ ಆಗಿ ಹವ್ಯಾಸಿಗಳ ಕೈಗೆ ಬಂತು. ಅದಕ್ಕೂ ಮೊದಲಿನ ಐಪೀಸುಗಳಲ್ಲಿ ನೋಡುವುದೆಂದರೆ ಕೊಳವೆಯೊಳಗೆ ಇಣುಕಿದಂತೆ. ಇದರಲ್ಲಿ ಕೃತ್ತಿಕೆಯನ್ನು ಮೊದಲ ಬಾರಿ ಕಂಡಾಗ ನೋಟದ ಅಂಚು ಎಲ್ಲಿದೆಯೆಂದು ನನ್ನ ಕಣ್ಣು ಹುಡುಕಿಕೊಂಡು ಹೋಗಬೇಕಾಯಿತು.

ಕೆಲವು ಪರಿಚಿತ ಹೆಸರುಗಳು ಈಗ ಮೇಳದಲ್ಲಿಲ್ಲ. 1972ರಲ್ಲಿ ಆರಂಭವಾದ ಮೀಡ್ ಮತ್ತು 1975ರಲ್ಲಿ ಆರಂಭವಾದ ಒರಾಯನ್ ಎಂಬ ಎರಡು ಹಳೆಯ ಅಮೆರಿಕನ್ ಸಂಸ್ಥೆಗಳು 2024ರಲ್ಲಿ ಬಾಗಿಲು ಮುಚ್ಚಿದವು. ನನ್ನ ತಲೆಮಾರಿನ ಅನೇಕರ ಮೊದಲ ಒಳ್ಳೆಯ ದೂರದರ್ಶಕ ಇವೆರಡರಲ್ಲಿ ಒಂದರದಾಗಿತ್ತಾದ್ದರಿಂದ, ಆ ಸುದ್ದಿ ಕೇಳಿದಾಗ ಮನಸ್ಸಿಗೆ ಬೇಸರವಾಯಿತು.

ಈಗ ನನ್ನ ಮುಂದಿರುವ ಆಯ್ಕೆಗಳು ಎರಡು. ಒಂದು, ಮೇಜಿನ ಮೇಲಿಡಬಹುದಾದ, 130 ಮಿಲಿಮೀಟರ್ ದರ್ಪಣದ ಡಾಬ್ಸೋನಿಯನ್. ಕೊಳವೆಯನ್ನು ಒಳಗೆ ಸರಿಸಿ ಗಿಡ್ಡ ಮಾಡಬಹುದಾದ ಮಾದರಿಯೊಂದು ಸುಮಾರು ಆರು ಕಿಲೋ ತೂಗುತ್ತದೆ, ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಕೂರುತ್ತದೆ. ಬರಿಗಣ್ಣಿನ ಪಾಪೆ ಕತ್ತಲಲ್ಲಿ ಏಳು ಮಿಲಿಮೀಟರಿನಷ್ಟು ಅರಳುತ್ತದೆಯೆಂದು ಇಟ್ಟುಕೊಂಡರೆ, ಈ ದರ್ಪಣ ಅದರ ಮುನ್ನೂರು ಪಟ್ಟಿಗೂ ಹೆಚ್ಚು ಬೆಳಕನ್ನು ಕೂಡಿಸುತ್ತದೆ. ಇದಕ್ಕೆ ಮೋಟಾರು ಬೇಡ, ವಿದ್ಯುತ್ ಬೇಡ, ಫೋನು ಬೇಡ. ಈ ವಿನ್ಯಾಸಕ್ಕೆ ಹೆಸರು ಕೊಟ್ಟ ಜಾನ್ ಡಾಬ್ಸನ್ ಅವರು 1944ರಿಂದ 1967ರವರೆಗೆ ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯಲ್ಲಿ, ರಾಮಕೃಷ್ಣ ಸಂಪ್ರದಾಯದ ಮಠವಾಸಿಯಾಗಿದ್ದವರು. ಹಡಗಿನ ಕಿಟಕಿಯ ದಪ್ಪ ಗಾಜನ್ನು ಉಜ್ಜಿ ದರ್ಪಣ ಮಾಡಿ, ರಟ್ಟಿನ ಕೊಳವೆಗೆ ಕೂರಿಸಿ, ಪ್ಲೈವುಡ್ಡಿನ ಪೆಟ್ಟಿಗೆಯ ಮೇಲೆ ತಿರುಗುವಂತೆ ಇಟ್ಟು, ರಸ್ತೆಯ ಬದಿಯಲ್ಲಿ ನಿಂತು ದಾರಿಹೋಕರನ್ನು ಕರೆದು ಚಂದ್ರನನ್ನೂ ಶನಿಯನ್ನೂ ತೋರಿಸುತ್ತಿದ್ದರು. ಆ ವಿನ್ಯಾಸಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಇಂದು ನೀಫ್‌ನ ಎಷ್ಟೋ ಮಳಿಗೆಗಳಲ್ಲಿ, ಬೇರೆ ಬೇರೆ ಸಂಸ್ಥೆಗಳ ಹೆಸರಿನಲ್ಲಿ ಸಾಲಾಗಿ ನಿಂತಿರುವ ಡಾಬ್ಸೋನಿಯನ್‌ಗಳನ್ನು ನೋಡಿದಾಗಲೆಲ್ಲ, ಆ ಮಠವಾಸಿಯ ಔದಾರ್ಯ ನೆನಪಾಗಿ ನನಗೆ ಗಂಟಲು ಕಟ್ಟುತ್ತದೆ. ಶಾಲೆಯ ಮಕ್ಕಳಿಗೆ ಬೇಕಾದದ್ದು ಇದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ತನ್ನ ಕೈಯಿಂದ ತಳ್ಳಿ, ತಾನೇ ಹುಡುಕಿ, ತನ್ನ ಕಣ್ಣಿನಿಂದಲೇ ಗುರುವಿನ ನಾಲ್ಕು ಚಂದ್ರರನ್ನು ಕಂಡ ಮಗುವಿಗೆ ಆ ರಾತ್ರಿ ಮರೆಯುವುದಿಲ್ಲ.

ಆದರೆ ಅಪ್ಪನ ವಿಷಯ ಬೇರೆ. 1986ರ ಏಪ್ರಿಲ್‌ನಲ್ಲಿ ನಮ್ಮನ್ನೆಲ್ಲ ನಿದ್ದೆಯಿಂದ ಎಬ್ಬಿಸಿ, ತೆಂಗಿನ ತೋಟದಾಚೆಯ ಬಯಲಿಗೆ ಕರೆದೊಯ್ದು, ದಕ್ಷಿಣದ ದಿಗಂತದ ಮೇಲೆ ಹಿಂಜಿದ ಹತ್ತಿಯ ಉಂಡೆಯಂತಿದ್ದ ಹ್ಯಾಲಿ ಧೂಮಕೇತುವನ್ನು ತೋರಿಸಿದವರಿಗೆ ಈಗ 81 ವರ್ಷ. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ. ಮಂಡಿ ನೋವಿನಿಂದ ತಾರಸಿಯ ಮೆಟ್ಟಿಲು ಹತ್ತಲಾರರು, ಅಂಗಳದಲ್ಲಿ ನಿಂತರೆ ತೆಂಗಿನ ಗರಿಗಳು ಆಕಾಶದ ಮುಕ್ಕಾಲು ಪಾಲನ್ನು ಮುಚ್ಚುತ್ತವೆ. ಅವರಿಗಾಗಿ ನಾನು ಯೋಚಿಸುತ್ತಿರುವುದು ಎರಡನೆಯ ಬಗೆಯದು, ಈಗ 'ಸ್ಮಾರ್ಟ್ ಟೆಲಿಸ್ಕೋಪ್' ಎಂದು ಕರೆಯುವಂಥದು. 2023ರಲ್ಲಿ ಬಂದ ಸೀಸ್ಟಾರ್ ಎಸ್50 ಎಂಬುದರ ಮಸೂರ 50 ಮಿಲಿಮೀಟರ್, ತೂಕ ಎರಡೂವರೆ ಕಿಲೋ. ಅದಕ್ಕೆ ಕಣ್ಣಿಡುವ ಜಾಗವೇ ಇಲ್ಲ. ಆಕಾಶದಲ್ಲಿ ತಾನು ಎತ್ತ ನೋಡುತ್ತಿದ್ದೇನೆಂದು ನಕ್ಷತ್ರಗಳ ವಿನ್ಯಾಸದಿಂದ ತಾನೇ ಗುರುತಿಸಿಕೊಂಡು, ಹತ್ತು ಹತ್ತು ಸೆಕೆಂಡಿನ ಚಿತ್ರಗಳನ್ನು ತೆಗೆದು, ಒಂದರ ಮೇಲೊಂದು ಪೇರಿಸಿ, ಫೋನಿಗೋ ಟ್ಯಾಬ್‌ಗೋ ಕಳಿಸುತ್ತದೆ. ಮಹಾವ್ಯಾಧ ನಕ್ಷತ್ರಪುಂಜದ ಖಡ್ಗದಲ್ಲಿರುವ ನೀಹಾರಿಕೆ, ಕಣ್ಣಿಗೆ ಬೂದು ಮಂಜಿನಂತೆ ಕಾಣುವಂಥದು, ಕೆಲವೇ ನಿಮಿಷಗಳಲ್ಲಿ ಪರದೆಯ ಮೇಲೆ ಕೆಂಪಾಗಿ ಅರಳುತ್ತದೆ.

ಇದು ನಿಜವಾದ ವೀಕ್ಷಣೆಯೇ ಅಲ್ಲವೆಂದು ವಾದಿಸುವ ಹಿರಿಯ ಹವ್ಯಾಸಿಗಳನ್ನು ಮೇಳದಲ್ಲಿ ಕಂಡಿದ್ದೇನೆ. ನಾನೂ ಒಂದು ಕಾಲಕ್ಕೆ ಹಾಗೆಯೇ ಭಾವಿಸಿದ್ದೆ. ಯೌವನದಲ್ಲಿ ಆಕಾಶವನ್ನು ತೋರಿಸಿದವರಿಗೆ ಮುಪ್ಪಿನಲ್ಲಿ ಪರದೆಯ ಮೂಲಕವಾದರೂ ಅದನ್ನು ತಿರುಗಿ ತೋರಿಸಬಹುದೆಂದು ಹೊಳೆದ ಮೇಲೆ ಆ ವಾದದಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ತಾರಸಿಯ ಮೇಲಿಟ್ಟ ಯಂತ್ರದ ವೈಫೈ ಸಂಕೇತವು ಆರಂಗುಲದ ಕಾಂಕ್ರೀಟ್ ಛಾವಣಿಯನ್ನು ದಾಟಿ ಕೆಳಗಿನ ನಡುಮನೆಯ ಟ್ಯಾಬ್‌ಗೆ ತಲುಪುತ್ತದೆಯೇ, ಇಲ್ಲವೇ ಮನೆಯ ರೂಟರಿನ ಮೂಲಕ ಹಾಯಿಸಬೇಕೇ ಎಂಬುದನ್ನು ಮಳಿಗೆಯವರನ್ನು ಕೇಳಿ ತಿಳಿಯಬೇಕು. ಡಾಬ್ಸೋನಿಯನ್ ಮಾರುವವರನ್ನು ಕೇಳಬೇಕಾದದ್ದು, ವಿಮಾನದ ಕುಲುಕಾಟದಲ್ಲಿ ಓರೆಯಾದ ದರ್ಪಣವನ್ನು ಹಿಂಬದಿಯ ತಿರುಪುಗಳಿಂದ ಸರಿಪಡಿಸುವುದನ್ನು ಒಬ್ಬ ಶಾಲಾ ಶಿಕ್ಷಕರಿಗೆ ಎಷ್ಟು ಸುಲಭವಾಗಿ ಕಲಿಸಬಹುದು ಎಂಬುದನ್ನು. ಎರಡನ್ನೂ ಕೊಳ್ಳುವಷ್ಟು ಹಣ ಕೂಡಿಸಿಲ್ಲ. ಶನಿವಾರ ಬರೀ ನೋಡುವುದು, ಭಾನುವಾರ ಒಂದನ್ನು ಕೊಳ್ಳುವುದು ಎಂದು ಸದ್ಯದ ಯೋಜನೆ.

ಆದರೂ ನಾನು ಮೊದಲು ಹೋಗುವುದು ಮಳಿಗೆಗಳಿಗಲ್ಲ, ಹೊರಗಿನ ಸೌರ ವೀಕ್ಷಣೆಯ ಬಯಲಿಗೆ. ಅಲ್ಲಿ ಸಾಲಿನಲ್ಲಿ ನಿಂತು, ಸರದಿ ಬಂದಾಗ ಬಗ್ಗಿ, ಬದಿಯ ಬೆಳಕು ಬೀಳದಂತೆ ತಲೆಯ ಮೇಲೆ ಕಪ್ಪು ಬಟ್ಟೆಯನ್ನು ಎಳೆದುಕೊಂಡು ನೋಡಬೇಕು. ಮೊದಲ ಕ್ಷಣ ಬರೀ ಕೆಂಪು ತಟ್ಟೆ. ಕಣ್ಣು ಹೊಂದಿಕೊಂಡಂತೆ ಆ ತಟ್ಟೆಯ ಮೇಲ್ಮೈ ಕಿತ್ತಳೆಯ ಸಿಪ್ಪೆಯಂತೆ ಒರಟಾಗುತ್ತದೆ, ಕಪ್ಪು ದಾರದೆಳೆಗಳು ಮೂಡುತ್ತವೆ, ಅಂಚಿನಲ್ಲಿ ಒಲೆಯ ಉರಿಯ ತುದಿಯಂತೆ ಜ್ವಾಲೆಯೊಂದು ನಿಂತಿರುವುದು ಕಾಣುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದರೆ ಅದರ ಆಕಾರ ಬದಲಾಗಿರಬಹುದು. ಆ ಜ್ವಾಲೆಯ ಬುಡದಿಂದ ತುದಿಯ ನಡುವೆ ನಮ್ಮ ಭೂಮಿಯಂಥವು ಹಲವು ಹಿಡಿಯುತ್ತವೆ. ಹೈಡ್ರೋಜನ್ ಹೊರಸೂಸುವ 656.3 ನ್ಯಾನೋಮೀಟರಿನ ಕೆಂಪು ಬೆಳಕೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ತಡೆಯುವ ಸೋಸುಕದಿಂದ ಇದು ಸಾಧ್ಯವಾಗುತ್ತದೆ. ಇದೇ ಬೆಳಕಿನಲ್ಲಿ ಕೊಡೈಕನಾಲಿನ ಸೌರ ವೀಕ್ಷಣಾಲಯದವರು 1912ರಿಂದಲೇ ಸೂರ್ಯನ ಚಿತ್ರಗಳನ್ನು ತೆಗೆಯುತ್ತಾ ಬಂದಿದ್ದಾರೆ. ಅವರು ಬಳಸಿದ ಸ್ಪೆಕ್ಟ್ರೋಹೀಲಿಯೋಗ್ರಾಫ್ ಎಂಬ ಯಂತ್ರ ಒಂದು ಕೋಣೆಯನ್ನೇ ಬೇಡುವಂಥದು. ತೆಳುವಾದ ಸೀಳಿನ ಮೂಲಕ ಸೂರ್ಯನ ಒಂದೊಂದೇ ಪಟ್ಟಿಯನ್ನು ಒಳಬಿಟ್ಟು, ರೋಹಿತವಾಗಿ ಹರಡಿ, ಬೇಕಾದ ಬಣ್ಣವನ್ನು ಮಾತ್ರ ಆಯ್ದು, ಪಟ್ಟಿಗಳನ್ನು ಸೇರಿಸಿ ಇಡೀ ಬಿಂಬವನ್ನು ಕಟ್ಟುವುದು ಅದರ ರೀತಿ. ಕ್ರಿಶ್ಚಿಯನ್ ಬುಯಿಲ್ ಎಂಬ ಫ್ರೆಂಚ್ ಖಗೋಳಾಸಕ್ತರು ರೂಪಿಸಿದ ಸೋಲೆಕ್ಸ್ ಎಂಬ ಪುಟ್ಟ ಉಪಕರಣ ಇಂದು ಅದೇ ತತ್ತ್ವವನ್ನು ಅಂಗೈಯಗಲಕ್ಕೆ ಇಳಿಸಿದೆ, ಅದರ ಹೊರಕವಚವನ್ನು ತ್ರೀಡಿ ಪ್ರಿಂಟರಿನಲ್ಲಿ ಮನೆಯಲ್ಲೇ ಅಚ್ಚುಹಾಕಿಕೊಳ್ಳಬಹುದು.

ಹಿಂದಿನ ವಾರ ಫೋನಿನಲ್ಲಿ ಈ ಮೇಳದ ಸಂಗತಿ ಹೇಳಿದಾಗ ಅಪ್ಪ ಯಾವ ದೂರದರ್ಶಕವನ್ನೂ ಕೇಳಲಿಲ್ಲ. ಕಪಾಟಿನ ಕಪ್ಪು ಗಾಜು ಅಲ್ಲೇ ಇದೆಯಂತೆ. ಆದರೆ 2003ರ ಆ ಅರವತ್ತು ಮಿಲಿಮೀಟರಿನ ದೂರದರ್ಶಕವನ್ನು ಅವರು ಅಂಗಳದ ಕಲ್ಲುಬೆಂಚಿಗೆ ಹಗ್ಗದಿಂದ ಬಿಗಿದು, ಐಪೀಸಿನ ಹಿಂದೆ ಬಿಳಿಯ ಹಾಳೆ ಹಿಡಿದು, ಅದರ ಮೇಲೆ ಬೀಳುವ ಸೂರ್ಯನ ಬಿಂಬವನ್ನು ನೆರೆಮನೆಯ ಮಕ್ಕಳಿಗೆ ತೋರಿಸುತ್ತಿದ್ದಾರೆ. ಮಕ್ಕಳಲ್ಲಿ ಯಾರೂ ಕೊಳವೆಗೆ ಕಣ್ಣಿಡದಂತೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. "ಆ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಇಲ್ಲಿ ಸೂರ್ಯನ ಕಲೆಗಳನ್ನು ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಡುತ್ತೇನೆ, ನೀನು ಅಲ್ಲಿ ಕಂಡದ್ದನ್ನು ಬರೆದುಕೊಂಡು ಬಾ" ಎಂದರು. ಅವರ ಬೆಳಗಿನ ಹತ್ತು ಗಂಟೆಗೂ ನಾನು ಬಯಲಿನಲ್ಲಿ ನಿಲ್ಲುವ ಮಧ್ಯಾಹ್ನ ಒಂದು ಗಂಟೆಗೂ ನಡುವೆ ಹನ್ನೆರಡೂವರೆ ತಾಸುಗಳ ಅಂತರವಿರುತ್ತದೆ. ಅಷ್ಟರಲ್ಲಿ ಸೂರ್ಯ ತನ್ನ ಅಕ್ಷದ ಮೇಲೆ ನಮ್ಮ ಲೆಕ್ಕಕ್ಕೆ ಸುಮಾರು ಏಳು ಡಿಗ್ರಿ ತಿರುಗಿರುತ್ತಾನೆ. ಇಬ್ಬರ ಹಾಳೆಗಳನ್ನೂ ಪಕ್ಕದಲ್ಲಿಟ್ಟರೆ ಕಲೆಗಳು ಅಷ್ಟು ಜರುಗಿರುವುದು ಕಾಣಬೇಕು. ಕಾರಿನಲ್ಲಿ ಗೆರೆಯಿಲ್ಲದ ಬಿಳಿ ಹಾಳೆಗಳನ್ನೂ ಒಂದು ಕೈವಾರವನ್ನೂ ಈಗಾಗಲೇ ಇಟ್ಟಿದ್ದೇನೆ.